ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಂದ ಮೇಲಿನ ಮೊದಲ ತಿಂಗಳು

ಹಳೇ ಗಾಡಿ ಕೊಂಡವರ ಕಿವಿ ಮೊದಲ ತಿಂಗಳು ವಿಪರೀತ ಚುರುಕಾಗಿರುತ್ತದೆ. ಟೆಸ್ಟ್ ಡ್ರೈವ್ ದಿನ ಸದ್ದಿಲ್ಲದೆ ಓಡಿದ್ದ ಎಸ್‌ಯುವಿ ಈಗ ಎಲ್ಲಿಂದಲೋ ಗುಂಯ್ ಎನ್ನುತ್ತದೆ, ತಿರುವಿನಲ್ಲಿ ಕಟಕಟ ಎನ್ನುತ್ತದೆ, ಮೀಟರಿನಲ್ಲಿ ಯಾವುದೋ ಹಳದಿ ದೀಪ ಹೊತ್ತಿಕೊಂಡು ಕೂತಿರುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ ‘ನಮ್ಮ ಹತ್ರ ಇದ್ದಾಗ ಹೀಗೇನೂ ಇರಲಿಲ್ಲ’ ಎಂಬ ಉತ್ತರ. ಅದು ಸುಳ್ಳೇ ಆಗಿರಬೇಕು ಎಂದೇನಿಲ್ಲ. ಏಳೆಂಟು ವರ್ಷ ಅದೇ ಸದ್ದಿನ ಜೊತೆ ಬದುಕಿದವರಿಗೆ ಅದು ಕೇಳಿಸುವುದೇ ನಿಂತುಹೋಗಿರುತ್ತದೆ.

ಈ ಹೊತ್ತಿನಲ್ಲಿ ಬಹಳ ಜನ ಮಾಡುವ ತಪ್ಪು ಒಂದೇ. ಗ್ಯಾರೇಜಿಗೆ ಹೋಗಿ ‘ಏನೋ ಸೌಂಡ್ ಬರ್ತಿದೆ, ನೋಡಿ’ ಎಂದು ಕೀ ಕೊಟ್ಟು ಬರುವುದು. ಅಲ್ಲಿಂದ ಪಾರ್ಟ್ ಬದಲಾಯಿಸುವ ಆಟ ಶುರು: ಇದಿರಬಹುದು, ಇಲ್ಲವಾದರೆ ಅದಿರಬಹುದು. ನಾಲ್ಕು ಪಾರ್ಟ್ ಹೊಸದಾದರೂ ಸದ್ದು ಇದ್ದಲ್ಲೇ ಇರುತ್ತದೆ. ನನ್ನ ಅನುಭವದಲ್ಲಿ ‘ಏನಾಗಿದೆ’ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ‘ಯಾವಾಗ ಆಗುತ್ತದೆ’ ಎಂದು ಗಮನಿಸುವುದೇ ಮುಕ್ಕಾಲು ರಿಪೇರಿ. ಎಂಜಿನ್ ತಣ್ಣಗಿರುವಾಗಲೋ, ಕಾದ ಮೇಲೋ? ನೇರ ಹೋಗುವಾಗಲೋ, ತಿರುಗುವಾಗಲೋ? ಬ್ರೇಕ್ ಮೇಲೆ ಕಾಲಿಟ್ಟಾಗಲೋ, ಆಕ್ಸಿಲರೇಟರ್ ಒತ್ತಿದಾಗಲೋ? ಇಷ್ಟು ಗೊತ್ತಾದರೆ ಸಂಶಯದ ಪಟ್ಟಿ ಇಪ್ಪತ್ತರಿಂದ ಎರಡಕ್ಕೆ ಇಳಿಯುತ್ತದೆ.

ಹಳದಿ ದೀಪ

ಮೊದಲು ದೀಪಗಳನ್ನೇ ಪರೀಕ್ಷಿಸಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳೆಲ್ಲ ಒಮ್ಮೆ ಹೊತ್ತಬೇಕು. ಏರ್‌ಬ್ಯಾಗ್, ಎಬಿಎಸ್ ದೀಪಗಳು ಕೆಲವು ಸೆಕೆಂಡಿನಲ್ಲಿ ಆರುತ್ತವೆ, ಚೆಕ್ ಎಂಜಿನ್ ದೀಪ ಎಂಜಿನ್ ಶುರುವಾದ ಮೇಲೆ ಆರುತ್ತದೆ. ಯಾವುದಾದರೂ ದೀಪ ಹೊತ್ತುವುದೇ ಇಲ್ಲ ಎಂದರೆ ಖುಷಿಪಡಬೇಡಿ. ಗಾಡಿ ಚೆನ್ನಾಗಿದೆ ಎಂದಲ್ಲ, ಯಾರೋ ದೀಪದ ಬಾಯಿ ಕಟ್ಟಿಸಿದ್ದಾರೆ ಎಂದೂ ಅರ್ಥವಿರಬಹುದು.

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದೇ ಓಬಿಡಿ ಪೋರ್ಟ್, ಗಾಡಿಯ ಕಂಪ್ಯೂಟರನ್ನು ಮಾತಾಡಿಸುವ ಕಿಂಡಿ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇದು ಕಡ್ಡಾಯವಾಯಿತು. ಇವತ್ತು ಸೆಕೆಂಡ್ ಹ್ಯಾಂಡ್ ಸಿಗುವ ಬಹುತೇಕ ಎಸ್‌ಯುವಿಗಳಲ್ಲಿ ಇದ್ದೇ ಇರುತ್ತದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಫೋನಿನ ಆ್ಯಪ್‌ನಲ್ಲಿ ಕೋಡ್, ಅಂದರೆ ಗಾಡಿಯ ಕಂಪ್ಯೂಟರ್ ಗುರುತಿಟ್ಟ ದೋಷದ ಸಂಖ್ಯೆ, ಓದಬಹುದು. ಆದರೆ ಹೊಸ ಮಾಲೀಕರು ಕೋಡ್‌ಗಿಂತ ಮೊದಲು ನೋಡಬೇಕಾದ್ದು ಬೇರೊಂದಿದೆ: ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ. ಅದು ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಗಾಡಿ ಕೈಗೆ ಬಂದ ದಿನ ಅಲ್ಲಿ ‘35 ಕಿ.ಮೀ.’ ಎಂದು ಕಂಡರೆ, ಮಾರುವ ಮುನ್ನಾದಿನ ಯಾರೋ ಕೋಡ್ ಅಳಿಸಿರಬಹುದು; ಬ್ಯಾಟರಿ ಬಿಚ್ಚಿದ್ದರೂ ಹೀಗಾಗುತ್ತದೆ. ‘ರೆಡಿನೆಸ್ ಮಾನಿಟರ್’ ಎಂಬ ಸಾಲಿನಲ್ಲಿ ಹಲವು ‘ನಾಟ್ ರೆಡಿ’ ಕಂಡರೂ ಅದೇ ಅನುಮಾನ. ಗಾಡಿ ತನ್ನನ್ನು ತಾನೇ ಪೂರ್ತಿ ಪರೀಕ್ಷಿಸಿಕೊಳ್ಳಲು ಕೆಲವು ದಿನದ ಓಡಾಟ ಬೇಕು. ಅದಕ್ಕೇ ಹಳದಿ ದೀಪ ನಿಮ್ಮ ಮನೆ ಮುಂದೆ ಬಂದ ಮೇಲೆ ಎರಡನೇ ವಾರದಲ್ಲಿ ಹೊತ್ತಿಕೊಳ್ಳುವುದು.

ಕೋಡ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದು ದೂರು ಮಾತ್ರ, ತೀರ್ಪಲ್ಲ. ಪಿ0420 ಬಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಆ್ಯಪ್ ಹೇಳುತ್ತದೆ, ಕೇಳಿದವರು ಅದನ್ನೇ ಬದಲಾಯಿಸಲು ಹೊರಡುತ್ತಾರೆ. ಅದೋ ಗಾಡಿಯ ದುಬಾರಿ ಭಾಗಗಳಲ್ಲೊಂದು. ಸೈಲೆನ್ಸರ್ ಪೈಪಿನ ಜಾಯಿಂಟ್‌ನಲ್ಲಿ ಸಣ್ಣ ಲೀಕ್ ಇದ್ದರೂ, ಆಕ್ಸಿಜನ್ ಸೆನ್ಸರ್ ಮುಪ್ಪಾಗಿದ್ದರೂ ಅದೇ ಕೋಡ್ ಬರಬಹುದು. ಪಿ0171 ಎಂದರೆ ಎಂಜಿನ್ನಿಗೆ ಇಂಧನಕ್ಕಿಂತ ಗಾಳಿ ಜಾಸ್ತಿ ಹೋಗುತ್ತಿದೆ ಎಂದು. ಹಲವು ಸಲ ಕಾರಣ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ನಲ್ಲಿನ ಬಿರುಕು. ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಹೋಸ್ ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಇನ್ನು ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕುತ್ತಿದ್ದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹಾಗೇ ಹೊರಗೆ ಹೋಗಿ ಕನ್ವರ್ಟರನ್ನು ಸುಡುತ್ತಿದೆ ಎಂದರ್ಥ. ಕಾಲು ತೆಗೆದು ನಿಧಾನ ಮಾಡಿ, ಆದಷ್ಟು ಬೇಗ ನಿಲ್ಲಿಸಿ.

ಎಸ್‌ಯುವಿಯಲ್ಲಿ ಜನರನ್ನು ಬೆಚ್ಚಿಬೀಳಿಸುವ ಇನ್ನೊಂದು ದೃಶ್ಯವಿದೆ: ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್, ಫೋರ್ ವೀಲ್ ಡ್ರೈವ್ ಮೂರೂ ದೀಪ ಒಟ್ಟಿಗೆ ಹೊತ್ತುವುದು. ಮೂರು ಕಡೆ ಕೆಟ್ಟಿದೆ ಎನ್ನಿಸುತ್ತದೆ. ಆದರೆ ಈ ಮೂರೂ ವ್ಯವಸ್ಥೆಗಳು ನಾಲ್ಕು ಚಕ್ರದ ವೇಗವನ್ನು ಹೇಳುವ ಅವೇ ಸೆನ್ಸರ್‌ಗಳನ್ನು ನಂಬಿಕೊಂಡಿವೆ. ಒಂದು ಸೆನ್ಸರಿಗೆ ಕೆಸರು ಮೆತ್ತಿದರೆ ಅಥವಾ ಅದರ ವೈರ್ ಕತ್ತರಿಸಿದರೆ ಮೂವರೂ ಒಟ್ಟಿಗೆ ಕೈಚೆಲ್ಲುತ್ತಾರೆ. ಬ್ಯಾಟರಿ ಸೊರಗಿದ್ದರೂ ಇದೇ ದೀಪಾವಳಿ.

ಸದ್ದು ಮತ್ತು ನಡುಕ

ಇಲ್ಲಿ ‘ಯಾವಾಗ’ ಎಂಬ ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ.

ವೇಗ 80 ದಾಟಿದಾಗ ಸ್ಟೀರಿಂಗ್ ಕೈಯಲ್ಲಿ ನಡುಗುತ್ತದೆ, 110ರ ಹೊತ್ತಿಗೆ ಕಡಿಮೆಯಾಗುತ್ತದೆ ಎಂದರೆ ಬಹುಮಟ್ಟಿಗೆ ಮುಂದಿನ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿದೆ. ನಡುಕ ಕೈಗೆ ತಿಳಿಯದೆ ಸೀಟಿಗೆ ತಿಳಿದರೆ ಹಿಂದಿನ ಚಕ್ರ ಅಥವಾ ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಡೆ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್. ‘ಡಿಸ್ಕ್ ಬೆಂಡಾಗಿದೆ’ ಎನ್ನುವುದು ಗ್ಯಾರೇಜಿನ ವಾಡಿಕೆ ಮಾತು. ನಿಜಕ್ಕೂ ಅದು ಬಗ್ಗಿರುವುದಕ್ಕಿಂತ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿರುವುದೇ ಹೆಚ್ಚು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿ, ಕಾಲು ತೆಗೆದೊಡನೆ ನಿಂತರೆ ಆಕ್ಸಲ್ಲಿನ ಒಳಗಿನ ಜಾಯಿಂಟ್ ಮೇಲೆ ಕಣ್ಣಿಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಕಟ್ ಕಟ್ ಕಟ್ ಎಂದು ಲಯವಾಗಿ ಬಂದರೆ ಆಕ್ಸಲ್ಲಿನ ಹೊರತುದಿಯ, ಚಕ್ರದ ಪಕ್ಕದ ಸಿವಿ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಮೈಗೆಲ್ಲ ಎರಚಿದ್ದರೆ ಅನುಮಾನವೇ ಬೇಡ.

ವೀಲ್ ಬೇರಿಂಗ್ ಸದ್ದನ್ನು ಟೈರಿನ ಸದ್ದು ಎಂದುಕೊಂಡು ಒಳ್ಳೇ ಟೈರ್ ಬದಲಾಯಿಸಿದವರಿದ್ದಾರೆ. ಎರಡೂ ಗುಂಯ್ ಎಂದೇ ಕೂಗುತ್ತವೆ, ಎರಡೂ ವೇಗದ ಜೊತೆ ಏರುತ್ತವೆ. ವ್ಯತ್ಯಾಸ ತಿಳಿಯಲು ಖಾಲಿ ರಸ್ತೆಯಲ್ಲಿ 60ರ ಆಸುಪಾಸಿನಲ್ಲಿ ಹೋಗುತ್ತ ಸ್ಟೀರಿಂಗನ್ನು ಹಿತವಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆಯಿರಿ. ಎಡಕ್ಕೆ ಎಳೆದಾಗ ಗಾಡಿಯ ಭಾರ ಬಲಗಡೆಗೆ ವಾಲುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆ ಬೇರಿಂಗ್ ಹೋಗಿದೆ. ಎತ್ತ ಎಳೆದರೂ ಸದ್ದು ಹಾಗೇ ಇದ್ದು, ನುಣುಪು ರಸ್ತೆಗೆ ಬಂದಾಗ ಬದಲಾದರೆ ಅದು ಟೈರ್. ಮೆಕ್ಯಾನಿಕ್ ಹತ್ತಿರ ಹೋದಾಗ ‘60ರ ಮೇಲೆ ಗುಂಯ್ ಅನ್ನುತ್ತೆ, ಎಡಕ್ಕೆ ಎಳೆದ್ರೆ ಜಾಸ್ತಿ ಆಗುತ್ತೆ, ಬ್ರೇಕಿಗೆ ಸಂಬಂಧ ಇಲ್ಲ’ ಎಂದು ಹೇಳಿ ನೋಡಿ. ಅವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಟೈರ್ ಮೇಲೆ ಅಂಗೈ ಆಡಿಸುವುದೂ ಒಂದು ಪರೀಕ್ಷೆಯೇ. ನಡುವೆ ಸವೆದಿದ್ದರೆ ಗಾಳಿ ಜಾಸ್ತಿ ಹಾಕಿಸಿ ಓಡಿಸಿದ್ದಾರೆ. ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಳ ಅಂಚು ಮಾತ್ರ ಬೋಳಾಗಿದ್ದರೆ ಅಲೈನ್‌ಮೆಂಟ್. ಅಲೆ ಅಲೆಯಾಗಿ ಉಬ್ಬು ತಗ್ಗು ಸಿಕ್ಕರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಪಕ್ಕದಲ್ಲಿ ‘2319’ ಥರದ ನಾಲ್ಕಂಕಿ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್ ಎಂದು. ಗಾಳಿ ಎಷ್ಟಿರಬೇಕು ಎಂಬುದನ್ನು ಟೈರಿನ ಮೇಲಿನ ಸಂಖ್ಯೆ ನೋಡಿ ತೀರ್ಮಾನಿಸಬೇಡಿ, ಅದು ಗರಿಷ್ಠ ಮಿತಿ. ಸರಿಯಾದ ಲೆಕ್ಕ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿರುತ್ತದೆ.

ರೋಗವಲ್ಲ, ಸ್ವಭಾವ

ಕಾರಿನಿಂದ ಎಸ್‌ಯುವಿಗೆ ಬಂದವರು ದೂರುವ ಸಂಗತಿಗಳಲ್ಲಿ ಕೆಲವು ರೋಗವೇ ಅಲ್ಲ. ತುಂಬಾ ಸಲ ಕೇಳಿದ್ದು ಇದು: ‘ಫೋರ್ ವೀಲ್ ಹಾಕಿ ಪಾರ್ಕಿಂಗ್‌ನಲ್ಲಿ ತಿರುಗಿಸಿದ್ರೆ ಗಾಡಿ ಹಿಡಿದು ಹಿಡಿದು ಬಿಡುತ್ತೆ, ಕುಪ್ಪಳಿಸುತ್ತೆ.’

ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವವು) ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ಇರುವುದಿಲ್ಲ. 4ಎಚ್ (ನಾಲ್ಕು ಚಕ್ರದ ಸ್ಥಾನ) ಹಾಕಿದೊಡನೆ ಎರಡೂ ಬಿಗಿಯಾಗಿ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಚಿಕ್ಕ ಸುತ್ತು. ಮಣ್ಣಿನಲ್ಲಿ, ಮರಳಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಲೆಕ್ಕ ಸರಿಹೋಗುತ್ತದೆ. ಒಣಗಿದ ಡಾಂಬರಿನಲ್ಲಿ ಜಾರುವುದಕ್ಕೆ ಆಸ್ಪದವಿಲ್ಲ, ಹಾಗಾಗಿ ಶಾಫ್ಟ್‌ಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತವೆ. ಆ ಬಿಗುವು ಬಿಟ್ಟಾಗ ಚಕ್ರ ಕುಪ್ಪಳಿಸುತ್ತದೆ. ಇದು ಕೆಟ್ಟಿರುವ ಲಕ್ಷಣವಲ್ಲ, ಹೀಗೇ ಓಡಿಸಿದರೆ ಮುಂದೆ ಕೆಡುವ ಲಕ್ಷಣ. ಒಣ ರಸ್ತೆಯಲ್ಲಿ 2ಎಚ್‌ನಲ್ಲೇ, ಅಂದರೆ ಎರಡು ಚಕ್ರದ ಸ್ಥಾನದಲ್ಲೇ, ಇರಿ. 2ಎಚ್‌ನಲ್ಲಿದ್ದರೂ ಹೀಗೇ ಹಿಡಿದುಕೊಂಡರೆ ಮಾತ್ರ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಡಿಸಿಕೊಂಡಿಲ್ಲ ಎಂದು ಅನುಮಾನಿಸಿ. ನೇರಕ್ಕೆ ಸ್ವಲ್ಪ ರಿವರ್ಸ್ ಹೋದರೆ ಕೆಲವೊಮ್ಮೆ ಬಿಗುವು ಬಿಟ್ಟು ತಾನೇ ಸರಿಹೋಗುತ್ತದೆ.

ಆಲ್ ವೀಲ್ ಡ್ರೈವ್ ಗಾಡಿಗಳ ಕತೆ ಬೇರೆ. ಅಲ್ಲಿ ನಡುವೆ ಡಿಫರೆನ್ಷಿಯಲ್ಲೋ ಕ್ಲಚ್ಚೋ ಇರುತ್ತದೆ, ಆದ್ದರಿಂದ ಒಣ ರಸ್ತೆಯಲ್ಲಿ ತಕರಾರು ಇರಬಾರದು. ಇದ್ದರೆ ಮೊದಲು ನಾಲ್ಕೂ ಟೈರ್ ಒಂದೇ ಅಳತೆಯವೇ, ಸವೆತ ಹೆಚ್ಚುಕಡಿಮೆ ಒಂದೇ ಇದೆಯೇ ನೋಡಿ. ಮಾರುವ ಮುಂಚೆ ಎರಡು ಹೊಸ ಟೈರ್ ಹಾಕಿಸಿ, ಇನ್ನೆರಡನ್ನು ಹಳೆಯದೇ ಬಿಟ್ಟ ಗಾಡಿ ನೋಡಲು ಚೆಂದ. ಆದರೆ ಸವೆದ ಟೈರಿನ ಸುತ್ತಳತೆ ಕಡಿಮೆ, ಅದು ಹೆಚ್ಚು ಸುತ್ತು ತಿರುಗುತ್ತದೆ, ನಡುವಿನ ಕ್ಲಚ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತೇಯುತ್ತಿರುತ್ತದೆ.

ಸೋಮವಾರ ಬೆಳಿಗ್ಗೆಯ ಬ್ಯಾಟರಿ

ನನ್ನ ಗಾಡಿ ಶುಕ್ರವಾರ ಸಂಜೆ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಟಕ್ ಟಕ್ ಎಂದು ಸುಮ್ಮನಾಗುತ್ತಿತ್ತು. ಗ್ಯಾರೇಜಿನಲ್ಲಿ ಬ್ಯಾಟರಿ ಹಳೇದು ಎಂದರು, ಹೊಸದು ಹಾಕಿಸಿದೆ. ಮುಂದಿನ ಸೋಮವಾರ ಹೊಸ ಬ್ಯಾಟರಿಯೂ ಟಕ್ ಟಕ್.

ಮಲ್ಟಿಮೀಟರ್ ಒಂದಿದ್ದರೆ ಇದನ್ನು ಮನೆಯಲ್ಲೇ ಹಿಡಿಯಬಹುದು. ಗಾಡಿ ಕೆಲವು ಗಂಟೆ ನಿಂತ ಮೇಲೆ ಚೆನ್ನಾಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7ರ ನಡುವೆ ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ನನ್ನದರಲ್ಲಿ ಎರಡೂ ಸರಿಯಿತ್ತು. ಅಂದರೆ ಗಾಡಿ ಮಲಗಿದ ಮೇಲೆ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ.

ಇದನ್ನು ಅಳೆಯುವುದಕ್ಕೆ ತಾಳ್ಮೆ ಬೇಕು. ಬಾನೆಟ್ ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ‘ಮುಚ್ಚಿದೆ’ ಎಂದು ಗಾಡಿಯನ್ನು ನಂಬಿಸಿದೆ. ಕೀ ಮನೆಯೊಳಗೆ ದೂರ ಇಟ್ಟೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ 10 ಆ್ಯಂಪಿಯರ್ ಸಾಕೆಟ್‌ನಲ್ಲಿ ಸಿಕ್ಕಿಸಿದ ಮೀಟರ್ ಇಟ್ಟೆ. ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಆಮೇಲೆ ಮುಕ್ಕಾಲು ಗಂಟೆ ಕಾದೆ, ಗಾಡಿಯೊಳಗಿನ ಕಂಪ್ಯೂಟರ್‌ಗಳು ಒಂದೊಂದಾಗಿ ಮಲಗಬೇಕಲ್ಲ. ಆಗ ಮೀಟರ್ 0.05 ಆ್ಯಂಪಿಯರಿನ ಆಸುಪಾಸಿಗೆ ಇಳಿಯಬೇಕು. ನನ್ನದು 0.6ರಲ್ಲಿ ನಿಂತುಬಿಟ್ಟಿತು.

ಲೆಕ್ಕ ಹಾಕಿ. 0.6 ಆ್ಯಂಪಿಯರ್ ಎಂದರೆ ದಿನಕ್ಕೆ 14 ಆ್ಯಂಪಿಯರ್ ಅವರ್ ಮೀರುತ್ತದೆ. 70 ಆ್ಯಂಪಿಯರ್ ಅವರ್ ಬ್ಯಾಟರಿ ಅರ್ಧ ಖಾಲಿಯಾದರೆ ದೊಡ್ಡ ಎಂಜಿನ್ ತಿರುಗಿಸಲು ತಿಣುಕುತ್ತದೆ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಎರಡೂವರೆ ದಿನ. ಅದೇ 0.05 ಆಗಿದ್ದರೆ ಸುಮಾರು ಒಂದು ತಿಂಗಳು ನಿಲ್ಲಿಸಬಹುದಿತ್ತು.

ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿದೆ. ಯಾವುದನ್ನು ಕಿತ್ತಾಗ ಮೀಟರ್ ಧುಪ್ಪನೆ ಇಳಿಯುತ್ತದೋ ಆ ಸಾಲಿನಲ್ಲಿ ಕಳ್ಳ ಇದ್ದಾನೆ ಎಂದರ್ಥ. ಎಲ್ಲ ಫ್ಯೂಸ್ ಕಿತ್ತರೂ 0.6 ಅಲುಗಲಿಲ್ಲ. ಆಗ ಬ್ಯಾಟರಿಯ ಪಾಸಿಟಿವ್ ಕಡೆ ಟಾರ್ಚ್ ಹಿಡಿದು ನೋಡಿದರೆ, ಕಂಪನಿಯ ದಪ್ಪ ವೈರಿನ ಪಕ್ಕದಲ್ಲಿ ಇನ್ನೊಂದು ಕೆಂಪು ವೈರ್, ಇನ್ಸುಲೇಷನ್ ಟೇಪ್ ಸುತ್ತಿದ್ದು. ಅದನ್ನು ಹಿಡಿದುಕೊಂಡು ಹೋದೆ. ಕಾರ್ಪೆಟ್ ಕೆಳಗೆ ನುಸುಳಿ ಹಿಂದಿನ ಸೀಟಿನಡಿಗೆ ತಲುಪಿತು. ಅಲ್ಲೊಂದು ಆ್ಯಂಪ್ಲಿಫೈಯರ್! ಕೈಯಿಟ್ಟರೆ ಬೆಚ್ಚಗೆ, ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯಂತೆ. ಹಿಂದಿನ ಮಾಲೀಕರು ಮಾರುವಾಗ ಸ್ಪೀಕರ್ ಡಬ್ಬ ಬಿಚ್ಚಿಕೊಂಡು, ಕಂಪನಿ ರೇಡಿಯೋ ವಾಪಸ್ ಹಾಕಿ, ಇದನ್ನು ಮರೆತಿದ್ದರು. ಇಲ್ಲದ ಸ್ಪೀಕರಿಗಾಗಿ ಅದು ಹಗಲು ರಾತ್ರಿ ಎಚ್ಚರವಾಗಿತ್ತು. ವೈರ್ ಬಿಚ್ಚಿದೆ, ಮೀಟರ್ 0.03ಕ್ಕೆ ಬಂತು.

ನೀರು, ಬಿಸಿ, ಹೊಗೆ

ಕಾರ್ಪೆಟ್ ಒದ್ದೆಯಾಗಿದ್ದರೆ ಬೆರಳಿಗೆ ತಾಗಿಸಿ ಮೂಸಿ ನೋಡಿ. ಅಂಟಂಟಾಗಿ ಸಿಹಿ ವಾಸನೆ ಇದ್ದರೆ ಅದು ಎಂಜಿನ್ ತಂಪಾಗಿಡುವ ಕೂಲೆಂಟ್, ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ ಸೋರುತ್ತಿದೆ. ಬರೀ ನೀರಾದರೆ ಎರಡು ಸಾಧ್ಯತೆ. ಎಸಿ ಹಾಕಿದಾಗ ಗಾಡಿಯ ಅಡಿಯಲ್ಲಿ ನೀರು ತೊಟ್ಟಿಕ್ಕದೆ ಒಳಗೆ ಒದ್ದೆಯಾದರೆ ಎಸಿ ಡ್ರೈನ್ ಪೈಪ್ ಕಟ್ಟಿದೆ. ಮಳೆ ಬಂದ ಮೇಲೆ ಮಾತ್ರ ಒದ್ದೆಯಾದರೆ ಸನ್‌ರೂಫ್ ಮೂಲೆಗಳಲ್ಲಿರುವ ಡ್ರೈನ್ ತೂತು ನೋಡಿ. ಜೋರು ಗಾಳಿ ಹೊಡೆಸಬೇಡಿ, ಒಳಗೆ ಪೈಪ್ ಕಳಚಿಕೊಂಡರೆ ಮೇಲಿನ ಲೈನಿಂಗ್ ಪೂರ್ತಿ ಬಿಚ್ಚಬೇಕಾಗುತ್ತದೆ. ಸೀಟ್ ಬೆಲ್ಟ್ ಕೊನೇವರೆಗೆ ಎಳೆದಾಗ ಮಣ್ಣಿನ ಗೆರೆ ಕಂಡರೆ, ಸೀಟಿನ ಹಳಿಗಳಿಗೆ ತುಕ್ಕು ಹಿಡಿದಿದ್ದರೆ, ಅದು ಲೀಕ್ ಅಲ್ಲ. ಗಾಡಿ ಪ್ರವಾಹದಲ್ಲಿ ಮುಳುಗಿ ಬಂದಿರಬಹುದು.

ಬಿಸಿ ಮುಳ್ಳು ಏರಿದರೆ ಗಾಡಿ ನಿಲ್ಲಿಸಿ, ಆದರೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ಕೂಲೆಂಟ್ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆರೆದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಇಲ್ಲೂ ‘ಯಾವಾಗ’ ಕೇಳಿ: ನಿಂತಲ್ಲಿ ಕಾದು ಓಡುವಾಗ ತಣ್ಣಗಾದರೆ ಫ್ಯಾನ್, ಓಡುವಾಗಲೇ ಕಾದರೆ ರೇಡಿಯೇಟರ್, ಥರ್ಮೋಸ್ಟಾಟ್ ಅಥವಾ ವಾಟರ್ ಪಂಪ್. ಕೂಲೆಂಟ್ ಕಡಿಮೆಯಾಗುತ್ತಲೇ ಇದ್ದು ಎಲ್ಲೂ ಸೋರದಿದ್ದರೆ, ತಣ್ಣಗಿರುವ ಎಂಜಿನ್ ಶುರುವಾದ ಎರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಪರೀಕ್ಷೆ ಮಾಡಿಸಿ.

ಹೊಗೆ ಕಪ್ಪಾದರೆ ಇಂಧನ ಜಾಸ್ತಿ ಅಥವಾ ಗಾಳಿ ಕಡಿಮೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಡೀಸೆಲ್ ಎಸ್‌ಯುವಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಒಂದು ಮಾತು. ಅದು ತುಂಬಿದಾಗ ಗಾಡಿ ತಾನೇ ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ತಡೆಯಿಲ್ಲದೆ ಕೆಲವು ನಿಮಿಷ ಓಡಬೇಕು. ಹಿಂದಿನವರು ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿಸಿದ್ದರೆ ಸುಡುವ ಕೆಲಸ ಪ್ರತಿಸಲ ಅರ್ಧಕ್ಕೆ ನಿಂತಿರುತ್ತದೆ, ಉರಿಯದ ಡೀಸೆಲ್ ಆಯಿಲ್ಲಿಗೆ ಇಳಿದಿರುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರುತ್ತಿದ್ದರೆ ಅದು ಆಯಿಲ್ ಉಳಿತಾಯವಲ್ಲ, ಡೀಸೆಲ್ ಬೆರಕೆ. ಬದಲಾಯಿಸಿ.

ಹಿಂದಿನವರ ಬಾಕಿ

ಸರ್ವಿಸ್ ಪುಸ್ತಕ ಇಲ್ಲದ ಗಾಡಿಯಲ್ಲಿ ‘ಮೊನ್ನೆ ತಾನೇ ಮಾಡಿಸಿದ್ದು’ ಎಂಬ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಎಂಜಿನ್ ಆಯಿಲ್, ಫಿಲ್ಟರ್‌ಗಳು, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲವನ್ನೂ ಒಂದೇ ಸಲ ಹೊಸದು ಮಾಡಿ ದಿನಾಂಕ ಬರೆದಿಟ್ಟರೆ ಅಲ್ಲಿಂದ ನಿಮ್ಮ ಲೆಕ್ಕ ಶುರು. ಎಸ್‌ಯುವಿಯಲ್ಲಿ ಎಲ್ಲರೂ ಮರೆಯುವುದು ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಆಯಿಲ್‌ಗಳನ್ನು. ಇಳಿಸಿದಾಗ ಆಯಿಲ್ ಹಾಲಿನಂತೆ ಬೆಳ್ಳಗೆ ಬಂದರೆ ಗಾಡಿ ಆಳದ ನೀರಿಗೆ ಇಳಿದಿದೆ. ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ಒಂದೇ ಲಯದಲ್ಲಿಡುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾಗಿ, ಯಾವಾಗ ಬದಲಾಯಿಸಿದ್ದಾರೆ ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಕಾಯಬೇಡಿ. ಹೆಚ್ಚಿನ ಎಂಜಿನ್‌ಗಳಲ್ಲಿ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ, ಮುನ್ಸೂಚನೆ ಬಹುಮಟ್ಟಿಗೆ ಇರುವುದಿಲ್ಲ.

ಗಾಡಿಯ 17 ಅಕ್ಷರ-ಅಂಕಿಗಳ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಕೊಟ್ಟು ಬಾಕಿ ರಿಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದದ್ದು, ಇದೆಯೇ ಎಂದು ತಯಾರಕರ ಬಳಿ ಕೇಳಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ. ಹಾಗೆ ಕಂಡರೆ ಅದು 1 ಅಥವಾ 0. ರಿಕಾಲ್ ಪತ್ರ ಹಳೇ ಮಾಲೀಕರ ವಿಳಾಸಕ್ಕೆ ಹೋಗಿ ಅಲ್ಲೇ ಉಳಿದಿರುತ್ತದೆ. ಟಕಾಟಾ ಎಂಬ ಕಂಪನಿಯ ಏರ್‌ಬ್ಯಾಗ್‌ಗಳ ಪ್ರಕರಣದಲ್ಲಿ ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ವಾಪಸ್ ಕರೆಯಲಾಯಿತು. ಅವುಗಳೊಳಗಿನ ರಾಸಾಯನಿಕ ವರ್ಷಗಳ ಬಿಸಿ ಮತ್ತು ತೇವಕ್ಕೆ ಕೆಡುತ್ತದೆ, ಅಂದರೆ ಹಳೇ ಗಾಡಿಯಲ್ಲೇ ಅಪಾಯ ಹೆಚ್ಚು. ರಿಕಾಲ್ ರಿಪೇರಿಯನ್ನು ಸಾಮಾನ್ಯವಾಗಿ ತಯಾರಕರೇ ಉಚಿತವಾಗಿ ಮಾಡಿಕೊಡುತ್ತಾರೆ.

ಇನ್ನೊಂದು, ಸ್ಪ್ಯಾನರ್ ಬೇಡದ ಕೆಲಸ. ಗಾಡಿಗೆ ಮೊಬೈಲ್ ಆ್ಯಪ್ ಸೌಲಭ್ಯ ಇದ್ದರೆ ಹಳೇ ಮಾಲೀಕರ ಖಾತೆಯಿಂದ ಅದನ್ನು ಬಿಡಿಸಿ, ಟಚ್‌ಸ್ಕ್ರೀನ್ ಸಿಸ್ಟಮ್ಮನ್ನು ಪೂರ್ತಿ ರೀಸೆಟ್ ಮಾಡಿ. ಇಲ್ಲವಾದರೆ ನಿಮ್ಮ ಗಾಡಿ ಎಲ್ಲಿ ನಿಂತಿದೆ ಎಂಬುದು ಅವರ ಫೋನಿನಲ್ಲಿ ಕಾಣುತ್ತಿರಬಹುದು, ಕೆಲವು ಮಾಡೆಲ್‌ಗಳಲ್ಲಿ ಬಾಗಿಲೂ ಅಲ್ಲಿಂದಲೇ ತೆರೆಯುತ್ತದೆ. ಎರಡನೇ ಕೀ ‘ಎಲ್ಲೋ ಕಳೆದಿದೆ’ ಎಂದಿದ್ದರೆ ಆ ಕೀಯನ್ನು ಗಾಡಿಯ ನೆನಪಿನಿಂದ ಅಳಿಸಿಸಿ, ಹೊಸದೊಂದನ್ನು ಮಾಡಿಸಿಟ್ಟುಕೊಳ್ಳಿ.